ಮಾಳಿಗೆಯ ವಾಟ: ಕಡೂರು, ತರೀಕೆರೆ, ಅಜ್ಜಂಪುರ ಪರಿಸರದ ಒಂದು ಜನಪದ ತಂತ್ರಜ್ಞಾನ

ಜನಪದ ತಂತ್ರಜ್ಞಾನದ ಅಧ್ಯಯನದಲ್ಲಿ ಉಪಕರಣಗಳಿಗೆ ದೊರೆತ ಗಮನ ಅಳತೆಯ ಪರಿಕಲ್ಪನೆಗಳಿಗೆ ದೊರೆತಿಲ್ಲ. ಗಾರೆ ಕೆಲಸದವರ ಮಾತಿನಲ್ಲಿ ಇಂದಿಗೂ ಜೀವಂತವಾಗಿರುವ ‘ವಾಟ’ ಅಂತಹ ಒಂದು ಪರಿಕಲ್ಪನೆ. ನೀರು ತಾನಾಗಿ ಹರಿದುಹೋಗುವಂತೆ ನೆಲಕ್ಕೆ ಅಥವಾ ಛಾವಣಿಗೆ ಕೊಡುವ ಅಲ್ಪ ಇಳಿಜಾರೇ ವಾಟ.

ಚಿಕ್ಕಮಗಳೂರು ಜಿಲ್ಲೆಯ ಈ ಭಾಗದಲ್ಲಿ ಮಲೆನಾಡು ಮತ್ತು ಬಯಲುಸೀಮೆಗಳು ಸಂಧಿಸುತ್ತವೆ. ತರೀಕೆರೆಯ ಪಶ್ಚಿಮ ಭಾಗವು ಕೆಮ್ಮಣ್ಣುಗುಂಡಿಯ ಬೆಟ್ಟಸಾಲಿಗೆ ಹೊಂದಿಕೊಂಡಿದ್ದು, ಅಲ್ಲಿನ ಅಧಿಕ ಮಳೆಗೆ ಕಡಿದಾದ ಹೆಂಚಿನ ಮಾಡು ತಕ್ಕುದು. ಕಡೂರು ಹಾಗೂ ಹಿಂದೆ ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಬಯಲಿನಲ್ಲಿ ಮಳೆ ಕಡಿಮೆ. ಇಲ್ಲಿಗೆ ಒಪ್ಪಿದ್ದು ಮಣ್ಣಿನ ಮಾಳಿಗೆ. ಅದು ಮನೆಗೆ ಸೂರೂ ಹೌದು, ಕಾಳುಕಡ್ಡಿ ಒಣಗಿಸುವ ಅಂಗಳವೂ ಹೌದು.

ತೊಲೆ, ಜಂತೆಗಳ ಮೇಲೆ ಕಟ್ಟಿಗೆಯ ಸೀಳು ಮತ್ತು ಸೊಪ್ಪು ಹಾಸಿ, ಮಣ್ಣು ಹರಡಿ ಬಡಿದು, ಮೇಲುಹೊದಿಕೆಯಾಗಿ ಕರಲು ಮಣ್ಣನ್ನು ಹಾಕುವುದು ಮಾಳಿಗೆಯ ಕ್ರಮ. ಸೋಡಿಯಂ ಅಂಶವಿರುವ ಕರಲಿನ ಜೇಡಿಕಣಗಳು ನೆನೆದಾಗ ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಹೊಲದಲ್ಲಿ ಬೆಳೆಗೆ ಮಾರಕವಾದ ಗುಣವೇ ಮಾಳಿಗೆಗೆ ರಕ್ಷೆಯಾಗುತ್ತದೆ. ವಾಟ ಕಡಿಮೆಯಾದರೆ ನೀರು ಮಡುಗಟ್ಟಿ ಸೋರುತ್ತದೆ. ಹೆಚ್ಚಾದರೆ ರಭಸದ ಮಳೆಗೆ ಮೇಲ್ಮಣ್ಣೇ ಕೊಚ್ಚಿಹೋಗುತ್ತದೆ. ಈ ಎರಡು ಅಪಾಯಗಳ ನಡುವಿನ ಹದವನ್ನು ಗುರುತಿಸುವುದೇ ಕುಶಲತೆ. ನೀರು ಗೋಡೆಗೆ ತಾಗದಂತೆ ಹೊರಚಾಚಿದ ದೋಣಿಯ ಕಡೆಗೆ ವಾಟವನ್ನು ತಿರುಗಿಸಲಾಗುತ್ತದೆ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ತಗ್ಗುಗಳನ್ನು ತುಂಬುವುದರಿಂದ ವಾಟವೂ ಮತ್ತೆ ಸರಿಯಾಗುತ್ತದೆ.

ಕಾಂಕ್ರೀಟ್ ಬಂದ ಮೇಲೂ ಸಮಸ್ಯೆ ಅದೇ ಆಗಿದೆ. ವಾಹನ ನಿಲ್ಲಿಸುವ ಮಹಡಿಗಳಿಗೆ ಸಾಮಾನ್ಯವಾಗಿ ಶೇಕಡಾ 1.5ರಿಂದ 2ರಷ್ಟು ಇಳಿಜಾರನ್ನು ಸೂಚಿಸಲಾಗುತ್ತದೆ. ಶೇಕಡಾ 2ರಂತೆ 6 ಮೀಟರ್ ಉದ್ದಕ್ಕೆ 12 ಸೆಂಟಿಮೀಟರ್ ಇಳಿತ ಬೇಕು. ಸಮತಟ್ಟಾದ ಹಲಗೆಯ ಮೇಲೆ ಕಾಂಕ್ರೀಟನ್ನೇ ಏರಿಸಿ ಈ ಇಳಿತವನ್ನು ಸಾಧಿಸಿದರೆ, ಎತ್ತರದ ಅಂಚಿನಲ್ಲಿ ಚದರ ಮೀಟರಿಗೆ ಸುಮಾರು 290 ಕಿಲೋಗ್ರಾಂ ಹೆಚ್ಚುವರಿ ಭಾರ ಬೀಳುತ್ತದೆ. ಆದ್ದರಿಂದ ತೊಲೆಗಳನ್ನೂ ಹಲಗೆಯನ್ನೂ ಮೊದಲೇ ಓರೆಯಾಗಿ ಎರಕ ಹೊಯ್ಯುವುದು ಲೇಸು. ಹಲಗೆಯು ಕಾಲಕ್ರಮದಲ್ಲಿ ನಡುವೆ ಬಾಗುವುದರಿಂದ, ಅತಿ ಸಣ್ಣ ವಾಟ ಅಳಿದುಹೋಗಿ ನೀರು ನಿಲ್ಲುತ್ತದೆ. ನಿಂತ ನೀರು ಬಿರುಕುಗಳ ಮೂಲಕ ಇಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ.

ಮಣ್ಣಿನ ಮಾಳಿಗೆ ತನ್ನ ದೋಷವನ್ನು ಮೊದಲ ಮಳೆಯಲ್ಲೇ ತೋರಿಸುತ್ತದೆ, ಮರುವರ್ಷ ತಿದ್ದಲೂ ಅವಕಾಶ ಕೊಡುತ್ತದೆ. ಕಾಂಕ್ರೀಟಿನ ದೋಷ ವರ್ಷಗಟ್ಟಲೆ ಒಳಗೇ ಅಡಗಿರುತ್ತದೆ. ಒಮ್ಮೆ ಗಟ್ಟಿಯಾದ ವಾಟವನ್ನು ತಿದ್ದುವುದು ಸುಲಭವಲ್ಲ. ಹಲಗೆ ಎರಕ ಹೊಯ್ಯುವ ಮುನ್ನವೇ ನೀರಿನ ದಾರಿಯನ್ನು ನಿಶ್ಚಯಿಸಬೇಕಾದುದು ಇದೇ ಕಾರಣಕ್ಕೆ. ಮಾಳಿಗೆ ಮನೆಗಳು ಕಣ್ಮರೆಯಾಗುತ್ತಿರುವಾಗ ಅವುಗಳ ಚಿತ್ರ, ನಕ್ಷೆಗಳಷ್ಟನ್ನೇ ಸಂಗ್ರಹಿಸಿದರೆ ಸಾಲದು. ಅವುಗಳ ಇಳಿತವನ್ನು ಅಳೆದು, ದೋಣಿಯ ದಿಕ್ಕು, ಮಣ್ಣಿನ ಬಗೆ, ದುರಸ್ತಿಯ ಕ್ರಮಗಳೊಡನೆ ದಾಖಲಿಸುವುದು ಜಾನಪದ ಸಂಶೋಧನೆಯ ತುರ್ತು ಕಾರ್ಯವಾಗಿದೆ.