ಗಾಳಿಗೆ ಮನೆ ಶೀಟು ಹಾರಿದರೆ: ಮೊದಲು ಏನು, ಆಮೇಲೆ ಏನು

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ನಮ್ಮ ಕಡೆ ಮಳೆ ಒಂಟಿಯಾಗಿ ಬರೋದಿಲ್ಲ, ಗಾಳಿಯನ್ನೂ ಕರೆದುಕೊಂಡೇ ಬರುತ್ತೆ. ಮಧ್ಯಾಹ್ನವೆಲ್ಲ ಧಗೆ, ನಾಲ್ಕು ಗಂಟೆಗೆ ಮೋಡ, ಐದಕ್ಕೆ ಬಿರುಗಾಳಿ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದಿರುತ್ತೆ. ಅಷ್ಟರಲ್ಲಿ ಬಾಳೆ ಮಲಗಿರುತ್ತೆ, ತೆಂಗಿನ ಗರಿ ಕರೆಂಟ್ ಲೈನಿನ ಮೇಲೆ ನೇತಾಡ್ತಿರುತ್ತೆ, ಊರಲ್ಲಿ ನಾಲ್ಕೈದು ಮನೆಯ ಶೀಟು ಪಕ್ಕದ ಹೊಲ ಸೇರಿರುತ್ತೆ.

ಬಾಳೆ ಮಲಗಿದರೆ ಏನು ಮಾಡೋದು ಅಂತ ಫೋನ್ ಮಾಡಿ ಕೇಳುವವರು ಬಹಳ ಜನ. ಮನೆ ಶೀಟು ಹಾರಿದಾಗ ಮಾತ್ರ ಯಾರೂ ಯಾರನ್ನೂ ಕೇಳೋದಿಲ್ಲ, ನೇರ ಏಣಿ ಹಾಕಿ ಹತ್ತಿಬಿಡುತ್ತಾರೆ. ಅಪಾಯ ಇರೋದು ಅಲ್ಲೇ. ಗಾಳಿಗೆ ತಪ್ಪಿಸಿಕೊಂಡವರು ಗಾಳಿ ನಿಂತ ಮೇಲೆ ಕರೆಂಟ್ ಹೊಡೆಸಿಕೊಳ್ಳುತ್ತಾರೆ, ಬಿರುಕು ಬಿಟ್ಟ ಶೀಟಿನ ಮೇಲೆ ಕಾಲಿಟ್ಟು ಕೆಳಗೆ ಬೀಳುತ್ತಾರೆ. ಇನ್ನೆರಡು ನಷ್ಟ ನಿಧಾನವಾಗಿ ಬರುವಂಥವು. ಫೋಟೊ ತೆಗೆಯದೆ ರಿಪೇರಿ ಮಾಡಿ ಪರಿಹಾರ ಕಳೆದುಕೊಳ್ಳೋದು ಒಂದು. ಹಾರಿದ ಶೀಟನ್ನು ಮೊದಲಿದ್ದ ಹಾಗೇ ಕೂರಿಸಿ ಮುಂದಿನ ವರ್ಷ ಮತ್ತೆ ಹಾರಿಸಿಕೊಳ್ಳೋದು ಇನ್ನೊಂದು. ಹಾಗಾಗಿ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಬೇಕು ಅನ್ನೋದನ್ನು ಇಲ್ಲಿ ಒಂದೊಂದಾಗಿ ಹೇಳ್ತೀನಿ.

ಮೊದಲ ಅರ್ಧ ಗಂಟೆ ಕೆಳಗೇ ಇರಿ

ಗುಡುಗು ಕೇಳಿಸುತ್ತಿರುವವರೆಗೆ ಹೊರಗೆ ಬರಬೇಡಿ. ಕೊನೆಯ ಗುಡುಗು ಕೇಳಿಸಿ ಅರ್ಧ ಗಂಟೆ ಕಳೆಯಲಿ. ಹೊರಗೆ ಬಂದ ಮೇಲೆ ಮೊದಲು ನೋಡಬೇಕಾದ್ದು ಶೀಟನ್ನಲ್ಲ, ತಂತಿಯನ್ನು. ಮನೆಗೆ ಬರುವ ಸರ್ವಿಸ್ ವೈರು, ಪಂಪ್‌ಸೆಟ್ಟಿನ ಲೈನು, ಕಂಬದ ಸ್ಟೇ ವೈರು ಎಲ್ಲವನ್ನೂ ದೂರದಿಂದಲೇ ನೋಡಿ. ತಂತಿ ಬಿದ್ದಿದ್ದರೆ ಕನಿಷ್ಠ 30 ಅಡಿ ದೂರ ಇರಿ, ದನಕರುಗಳನ್ನೂ ಆ ಕಡೆ ಬಿಡಬೇಡಿ. ತಗಡಿನ ಶೀಟು ಹಾರಿ ಲೈನಿನ ಮೇಲೆ ಬಿದ್ದಿದ್ದರೆ ಅದನ್ನೂ ತಂತಿ ಅಂತಲೇ ತಿಳಿಯಿರಿ. ನೀವು ಯಾವ ಎಸ್ಕಾಂ ವ್ಯಾಪ್ತಿಯಲ್ಲಿದ್ದರೂ 1912ಕ್ಕೆ ಕರೆ ಮಾಡಿ ಲೈನು ಆಫ್ ಮಾಡಿಸಿ.

ಮನೆಯೊಳಗೆ ಮೇನ್ ಸ್ವಿಚ್ ಆಫ್ ಮಾಡಿ. ಆದರೆ ಬೋರ್ಡಿನೊಳಗೆ ನೀರು ಇಳಿದಿದ್ದರೆ, ನಿಂತ ಜಾಗ ಒದ್ದೆಯಾಗಿದ್ದರೆ ಸ್ವಿಚ್ಚಿಗೂ ಕೈ ಹಾಕಬೇಡಿ. ಇಲ್ಲಿ ಎರಡು ವಿಷಯ ಬಹಳ ಜನಕ್ಕೆ ಹೊಳೆಯೋದಿಲ್ಲ. ಮೇನ್ ಆಫ್ ಆದರೂ ಯುಪಿಎಸ್ ಇದ್ದ ಮನೆಯ ವೈರಿಂಗಿನಲ್ಲಿ ಕರೆಂಟ್ ಇದ್ದೇ ಇರುತ್ತೆ, ಅದನ್ನು ಬೇರೆಯಾಗಿ ಆಫ್ ಮಾಡಬೇಕು. ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ ಬೆಳಕು ಇರುವಷ್ಟು ಹೊತ್ತೂ ಅದರ ವೈರಿನಲ್ಲಿ ಕರೆಂಟ್ ಹುಟ್ಟುತ್ತಲೇ ಇರುತ್ತೆ. ಒಡೆದ ಪ್ಯಾನೆಲ್ ಅನ್ನು ಬರಿಗೈಯಲ್ಲಿ ಎತ್ತಬೇಡಿ.

ಆಮೇಲೆ ಗೋಡೆ ನೋಡಿ. ಶೀಟು ಹಾರುವಾಗ ಪೈಪನ್ನೂ ಎಳೆದುಕೊಂಡು ಹೋಗಿದ್ದರೆ ಮೇಲಿನ ಒಂದೆರಡು ವರಸೆ ಇಟ್ಟಿಗೆ ಅಲ್ಲಾಡುತ್ತಿರುತ್ತೆ. ಅಂಥ ಗೋಡೆಯ ಕೆಳಗೆ ಆ ರಾತ್ರಿ ಯಾರೂ ಮಲಗಬಾರದು. ಮಣ್ಣಿನ ಗೋಡೆ ನೆನೆದಿದ್ದರೆ ಇನ್ನೂ ಹುಷಾರಾಗಿರಬೇಕು, ಯಾಕಂದ್ರೆ ಅದು ಬೀಳೋದು ಮಳೆ ನಿಂತು ಎಷ್ಟೋ ಹೊತ್ತಾದ ಮೇಲೆ.

ಫೋಟೊ ಮೊದಲು, ರಿಪೇರಿ ಆಮೇಲೆ

ಬಿದ್ದದ್ದನ್ನು ಎತ್ತಿ ಓರಣ ಮಾಡುವ ಮುಂಚೆ ಹತ್ತು ನಿಮಿಷ ಫೋಟೊಕ್ಕೆ ಕೊಡಿ. ದಿನಾಂಕ, ಸಮಯ, ಜಾಗ ಮೂರೂ ಫೋಟೊ ಮೇಲೇ ಬರುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕಿಕೊಂಡರೆ ಒಳ್ಳೇದು. ನಾಲ್ಕು ಕಡೆಯಿಂದಲೂ ಪೂರ್ತಿ ಮನೆ, ಒಳಗಿನಿಂದ ಆಕಾಶ ಕಾಣುವ ಜಾಗ, ಹಾರಿಬಿದ್ದ ಶೀಟು ಬಿದ್ದಲ್ಲೇ, ಬಿರುಕು ಬಿಟ್ಟ ಗೋಡೆ, ನೆನೆದ ರಾಗಿ ಚೀಲ, ಕೊಟ್ಟಿಗೆ ಇಷ್ಟಂತೂ ಇರಲಿ. ಮನೆ ನಿಮ್ಮದೇ ಅಂತ ಗೊತ್ತಾಗುವ ಹಾಗೆ ಮುಂಬಾಗಿಲು ಕಾಣುವ ಒಂದು ಫೋಟೊ ಬೇಕೇ ಬೇಕು. ಒಂದು ನಿಮಿಷದ ವಿಡಿಯೊ ಮಾಡಿ, ನಡೆಯುತ್ತಾ ಏನೇನು ಹಾಳಾಗಿದೆ ಅಂತ ಬಾಯಲ್ಲಿ ಹೇಳಿ. ಎಲ್ಲವನ್ನೂ ಆವತ್ತೇ ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.

ಹೊಸ ಶೀಟು ಹಾಕಿದ ಮೇಲೆ ಪಂಚನಾಮೆಗೆ ಬಂದವರಿಗೆ ತೋರಿಸೋಕೆ ಏನೂ ಉಳಿದಿರೋದಿಲ್ಲ. ಹಾಗಂತ ಅವರು ಬರುವವರೆಗೆ ಮನೆ ನೆನೆಯೋಕೆ ಬಿಡಬೇಕು ಅಂತಲೂ ಅಲ್ಲ. ಟಾರ್ಪಾಲು ಮುಚ್ಚಿ, ಮುರಿದ ಶೀಟುಗಳನ್ನು ಒಂದು ಮೂಲೆಯಲ್ಲಿ ಎಣಿಸಿ ಇಡಿ.

ಟಾರ್ಪಾಲು ಹೊದಿಸುವ ರೀತಿ

ಇದು ಒಬ್ಬರ ಕೆಲಸ ಅಲ್ಲ. ಗಾಳಿ ಇರುವಾಗ, ಕತ್ತಲಾದ ಮೇಲೆ ಮಾಡುವ ಕೆಲಸವೂ ಅಲ್ಲ. ರಾತ್ರಿಯಾಗಿಬಿಟ್ಟಿದ್ದರೆ ಬಿತ್ತನೆ ಬೀಜ, ದವಸ, ಕಾಗದಪತ್ರ ಒಣಗಿದ ಜಾಗಕ್ಕೆ ಸಾಗಿಸಿ, ಬೆಳಗಾಗಲಿ.

ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬೇಡಿ. ನೋಡೋಕೆ ಗಟ್ಟಿ ಕಂಡರೂ ಪಕ್ಕದ ಶೀಟು ಕಿತ್ತುಹೋಗುವಾಗ ಇದಕ್ಕೂ ಕಣ್ಣಿಗೆ ಕಾಣದ ಬಿರುಕು ಬಿದ್ದಿರಬಹುದು. ಹಳೇ ಶೀಟಂತೂ ಮನುಷ್ಯನ ಭಾರಕ್ಕೆ ಏಕಾಏಕಿ ಮುರಿಯುತ್ತೆ. ಎರಡು ಮೂರು ಅಡ್ಡ ಪೈಪುಗಳ ಮೇಲೆ ಕೂರುವಷ್ಟು ಉದ್ದದ ಹಲಗೆ ಹಾಸಿ, ಹಲಗೆಯ ಮೇಲೇ ನಡೆಯಿರಿ. ಸೊಂಟಕ್ಕೆ ಹಗ್ಗ ಇರಲಿ. ಏಣಿ ಹಿಡಿಯೋಕೆ ಕೆಳಗೆ ಒಬ್ಬರು ಇರಲಿ.

ಟಾರ್ಪಾಲು ತೂತಿನ ಮೇಲೆ ಮಾತ್ರ ಹಾಸಿದರೆ ಮೇಲಿನಿಂದ ಹರಿದ ನೀರು ಅದರಡಿಗೇ ನುಗ್ಗುತ್ತೆ. ಅದು ಮಾಡಿನ ನೆತ್ತಿ ದಾಟಿ ಆ ಕಡೆಗೆ ಮೂರ್ನಾಲ್ಕು ಅಡಿ ಇಳಿದಿರಬೇಕು. ಕೆಳಗಿನ ಅಂಚನ್ನು ಮರದ ರೀಪಿಗೆ ಎರಡು ಸುತ್ತು ಸುತ್ತಿ ಮೊಳೆ ಹೊಡೆದು, ರೀಪನ್ನು ಒಳಗಿನ ಪೈಪಿಗೆ ಕಟ್ಟಿ. ಮೇಲೆ ಕಲ್ಲು ಹೇರಬೇಡಿ.

ಸಿಮೆಂಟ್ ಶೀಟಿನ ಚೂರು ತಿಪ್ಪೆಗೆ ಬೇಡ

ನಮ್ಮ ಹಳ್ಳಿಗಳಲ್ಲಿರುವ ಹಳೇ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತೆ. ಶೀಟು ಪೂರ್ತಿ ಇರುವಾಗ ನಾರು ಸಿಮೆಂಟಿನೊಳಗೆ ಹಿಡಿದುಕೊಂಡಿರುತ್ತೆ. ಒಡೆದಾಗ, ಗ್ರೈಂಡರಿನಲ್ಲಿ ಕೊಯ್ದಾಗ ಏಳುವ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರೋದಿಲ್ಲ, ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲದು. ಚೂರುಗಳ ಮೇಲೆ ನೀರು ಚಿಮುಕಿಸಿ, ಎನ್-95 ಮಾಸ್ಕ್ ಹಾಕಿಕೊಂಡು, ಗುಡಿಸದೆ ಕೈಗವಸಿನಲ್ಲಿ ಆರಿಸಿ ದಪ್ಪ ಚೀಲಕ್ಕೆ ತುಂಬಿ ಕಟ್ಟಿ. ಎಲ್ಲಿ ಹಾಕಬೇಕು ಅಂತ ಪಂಚಾಯಿತಿಯಲ್ಲಿ ಕೇಳಿ. ಗೊಬ್ಬರದ ಗುಂಡಿಗೆ, ಬದುವಿಗೆ, ಗಾಡಿ ಓಡಾಡುವ ದಾರಿಯ ಗುಂಡಿ ಮುಚ್ಚೋಕೆ ಹಾಕಿದರೆ ವರ್ಷವಿಡೀ ತುಳಿದು ತುಳಿದು ಧೂಳು ಮಾಡುತ್ತಾ ಇರ್ತೀವಿ. ವಿಷ ಹೊಡೆಯದೆ ಬೆಳೆ ಬೆಳೆಯುವ ನಮಗೆ ಇದು ಇನ್ನೂ ಮುಖ್ಯ.

ಪರಿಹಾರ: ಯಾರನ್ನು ಕೇಳಬೇಕು, ಎಷ್ಟು ಸಿಗುತ್ತೆ

ಆವತ್ತೇ, ತಪ್ಪಿದರೆ ಮಾರನೇ ದಿನ, ಗ್ರಾಮ ಆಡಳಿತ ಅಧಿಕಾರಿಗೆ (ಮೊದಲು ಗ್ರಾಮ ಲೆಕ್ಕಿಗರು ಅಂತಿದ್ದವರು) ಫೋನ್ ಮಾಡಿ ಫೋಟೊ ಕಳಿಸಿ. ಫೋನು ಮಾತ್ರ ಸಾಲದು. ತಹಶೀಲ್ದಾರರ ಹೆಸರಿಗೆ ಒಂದು ಪುಟದ ಅರ್ಜಿ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಜೊತೆಗೆ ಆಧಾರ್, ಮನೆ ಕಂದಾಯದ ರಸೀದಿ ಅಥವಾ ಇ-ಸ್ವತ್ತು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಇಡಿ. ಹಣ ಬರೋದು ಖಾತೆಗೇ. ಹಾಗಾಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಈಗಲೇ ನೋಡಿಕೊಳ್ಳಿ.

2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯ ವಿಪತ್ತು ಪರಿಹಾರ ನಿಧಿಗೆ ಹಾಕಿಕೊಟ್ಟ ಲೆಕ್ಕ ಹೀಗಿದೆ. ಪೂರ್ತಿ ಅಥವಾ ತೀವ್ರವಾಗಿ ಹಾಳಾದ ಮನೆಗೆ ಬಯಲು ಸೀಮೆಯಲ್ಲಿ 1.20 ಲಕ್ಷ ರೂ., ಗುಡ್ಡಗಾಡಿನಲ್ಲಿ 1.30 ಲಕ್ಷ ರೂ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ. ಆದರೆ ಹಾನಿ ಕನಿಷ್ಠ ಶೇ. 15ರಷ್ಟಾದರೂ ಇರಬೇಕು. ಗುಡಿಸಲಿಗೆ 8,000 ರೂ. ಮನೆಗೆ ಅಂಟಿಕೊಂಡ ಕೊಟ್ಟಿಗೆಗೆ 3,000 ರೂ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಹೆಚ್ಚು ಕೊಟ್ಟ ವರ್ಷಗಳೂ ಇವೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂ. ಘೋಷಿಸಿತ್ತು. ನಿಮ್ಮ ವರ್ಷದ ಆದೇಶ ಏನಿದೆ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿ.

ಈ ಲೆಕ್ಕದಲ್ಲಿ ಎರಡು ಮಾತು ಗಮನಿಸಿ. 'ಭಾಗಶಃ', 'ತೀವ್ರ' ಅನ್ನೋ ಪದಗಳ ನಡುವೆ ಲಕ್ಷ ರೂಪಾಯಿಗೂ ಹೆಚ್ಚಿನ ಅಂತರ ಇದೆ. ಗೋಡೆ ಬಿರುಕಿನ ಫೋಟೊ ಇಲ್ಲದಿದ್ದರೆ ನಿಮ್ಮ ಮನೆ ಬರೀ 'ಶೀಟು ಹಾರಿದ ಮನೆ' ಆಗಿಬಿಡುತ್ತೆ. ಇನ್ನು 6,500 ರೂಪಾಯಿಯಲ್ಲಿ ಮಾಡು ಎದ್ದು ನಿಲ್ಲೋದಿಲ್ಲ. ಬೆಳೆ ವಿಮೆಗೂ ಮನೆಗೂ ಸಂಬಂಧ ಇಲ್ಲ. ಮನೆಗೆ ಬೇಕಾದ್ದು 'ಭಾರತ್ ಗೃಹ ರಕ್ಷಾ' ಪಾಲಿಸಿ. 2021ರ ಏಪ್ರಿಲ್ 1ರಿಂದ ಬಂದಿರುವ ಈ ಪಾಲಿಸಿಯಲ್ಲಿ ಬಿರುಗಾಳಿ ಹಾನಿಯೂ ಸೇರಿದೆ. ಶೀಟಿನ ಮನೆಯಾದರೆ ಅದನ್ನು ಅರ್ಜಿಯಲ್ಲಿ ಇದ್ದ ಹಾಗೇ ಬರೆಸಿ.

ಶೀಟು ಹಾರೋದು ಯಾಕೆ

ಗಾಳಿ ಶೀಟನ್ನು ತಳ್ಳುತ್ತೆ ಅಂದುಕೊಂಡಿದ್ದೀವಿ. ನಿಜಕ್ಕೂ ಅದು ಶೀಟನ್ನು ಮೇಲಕ್ಕೆ ಎಳೆಯುತ್ತೆ. ಮಲ್ಚಿಂಗ್ ಶೀಟು ಹಾಸಿದವರಿಗೆ ಇದು ಚೆನ್ನಾಗಿ ಗೊತ್ತು. ಅಂಚಿಗೆ ಮಣ್ಣು ಸರಿಯಾಗಿ ಬೀಳದ ಒಂದು ಗೇಣು ಜಾಗ ಸಾಕು, ಅಲ್ಲಿಂದ ಎದ್ದು ಇಡೀ ಸಾಲು ಹೋಗುತ್ತೆ. ಮಾಡಿನ ಮೇಲೆ ಗಾಳಿ ವೇಗವಾಗಿ ಹಾದಾಗ ಅಲ್ಲಿ ಒತ್ತಡ ಕಡಿಮೆಯಾಗಿ ಶೀಟು ಮೇಲಕ್ಕೆ ಸೆಳೆಯಲ್ಪಡುತ್ತೆ. ಈ ಎಳೆತ ಮೂಲೆ, ಅಂಚು, ನೆತ್ತಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಒಂದು ಕಡೆ ತೆರೆದ ಕೊಟ್ಟಿಗೆ, ಜಗಲಿಗಳಲ್ಲಿ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತೆ. ಅದಕ್ಕೇ ಅವು ಮೊದಲು ಹಾರೋದು.

ಲೆಕ್ಕ ಮಾಡಿ ನೋಡೋಣ. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕೆ.ಜಿ. ಒತ್ತಡ ಹಾಕುತ್ತೆ. 10 ಅಡಿ ಉದ್ದ, 3 ಅಡಿ ಅಗಲದ ಒಂದು ಶೀಟಿಗೆ ಇದು 47 ಕೆ.ಜಿ. ಆಗುತ್ತೆ. ಅರ್ಧ ಮಿಲಿಮೀಟರ್ ದಪ್ಪದ ಆ ತಗಡಿನ ತೂಕ ಮಾತ್ರ 12-13 ಕೆ.ಜಿ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತೆ. ಗಂಟೆಗೆ 90 ಕಿ.ಮೀ. ಆದರೆ ಅದೇ ಶೀಟಿನ ಮೇಲೆ ನೂರು ಕೆ.ಜಿ. ದಾಟುತ್ತೆ. ಮೇಲಿಟ್ಟ ಹತ್ತು ಕೆ.ಜಿ. ಕಲ್ಲು ಇಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಶೀಟಿನ ಜೊತೆ ಅದೂ ಹಾರಿ ಯಾರದೋ ತಲೆ ಮೇಲೆ ಬೀಳುತ್ತೆ, ಅಷ್ಟೇ.

ಅಂದರೆ ಮಾಡನ್ನು ಉಳಿಸೋದು ಭಾರ ಅಲ್ಲ, ಬಿಗಿ.

ಮತ್ತೆ ಕೂರಿಸುವಾಗ

ಶೀಟು ಪೈಪಿಗೆ, ಪೈಪು ಗೋಡೆಗೆ, ಗೋಡೆ ನೆಲಕ್ಕೆ. ಈ ಸರಪಳಿಯಲ್ಲಿ ಎಲ್ಲಿ ಸಡಿಲ ಇದೆಯೋ ಅಲ್ಲೇ ಕಿತ್ತುಹೋಗುತ್ತೆ. ನಿಮ್ಮ ಮನೆಯಲ್ಲಿ ಯಾವುದು ಮೊದಲು ಬಿಟ್ಟಿತು ಅಂತ ನೋಡಿ. ಶೀಟು ಮಾತ್ರ ಹೋಗಿ ಪೈಪು ಉಳಿದಿದ್ದರೆ ಸ್ಕ್ರೂ ಸಾಲದು. ಪೈಪಿನ ಸಮೇತ ಹೋಗಿದ್ದರೆ ಗೋಡೆಯ ಹಿಡಿತ ಸಾಲದು. ಹೊಸ ಶೀಟಿಗೆ ದುಡ್ಡು ಹಾಕುವ ಮುಂಚೆ ಇದಕ್ಕೆ ಉತ್ತರ ಗೊತ್ತಿರಬೇಕು.

ತಗಡಿನ ಶೀಟಾದರೆ ರಬ್ಬರ್ ವಾಷರ್ ಇರುವ ಸ್ಕ್ರೂಗಳನ್ನು ಉಬ್ಬಿನ ಮೇಲೆ ಹಾಕಿಸಿ. ಸೂರಿನ ಸಾಲು, ನೆತ್ತಿಯ ಸಾಲುಗಳಲ್ಲಿ ಒಂದು ಉಬ್ಬು ಬಿಟ್ಟು ಒಂದಕ್ಕೆ ಸ್ಕ್ರೂ ಇರಲಿ. ಎರಡೂ ಬದಿಯ ಕೊನೆಯ ಶೀಟುಗಳಿಗೆ ಎಲ್ಲ ಪೈಪುಗಳಲ್ಲೂ ಹಾಗೇ ಮಾಡಿಸಿ. ಎಲ್ಲ ಕಡೆ ಒಂದೇ ಸಮ ಸ್ಕ್ರೂ ಹಾಕಿ ಹೋಗೋದು ಫಿಟ್ಟರ್‌ಗಳ ಅಭ್ಯಾಸ. ಅಂಚಿಗೆ ಜಾಸ್ತಿ ಬೇಕು ಅಂತ ನೀವೇ ನಿಂತು ಹೇಳಿ. ಸಿಮೆಂಟ್ ಶೀಟಾದರೆ ಜೆ ಬೋಲ್ಟು, ವಾಷರ್ ಎರಡೂ ಹೊಸದಿರಲಿ, ತುಕ್ಕು ಹಿಡಿದದ್ದನ್ನೇ ಮತ್ತೆ ಬಳಸಬೇಡಿ.

ಹಾಲೋಬ್ಲಾಕ್ ಗೋಡೆಯ ಕೊನೆಯ ವರಸೆ ಮೇಲೆ ಪೈಪಿಟ್ಟು ಎರಡು ಕರಣೆ ಗಾರೆ ಹಾಕಿದರೆ ಅದು ಹಿಡಿತ ಅಲ್ಲ. ಗೋಡೆಯೊಳಗೆ ಎರಡು ಅಡಿಯಾದರೂ ಇಳಿದ ಕಂಬಿಗೆ ಪೈಪನ್ನು ವೆಲ್ಡ್ ಮಾಡಿಸಿ, ಇಲ್ಲವೇ ಗೋಡೆಯ ತಲೆಗೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಿ ಅದಕ್ಕೆ ಕಟ್ಟಿಸಿ. ಸೂರು ಗೋಡೆಯಿಂದ ಒಂದೂವರೆ ಅಡಿಗಿಂತ ಹೆಚ್ಚು ಮುಂದೆ ಚಾಚದಿರಲಿ. ಜಗಲಿಗೆ ನೆರಳು ಬೇಕಾದರೆ ಅದಕ್ಕೆ ಬೇರೆ ಮಾಡು ಹಾಕಿಸಿ. ಜಗಲಿಯದು ಹಾರಿದರೂ ಮನೆಯದನ್ನು ಎಳೆದುಕೊಂಡು ಹೋಗೋದಿಲ್ಲ.

ಮಂಗಳೂರು ಹೆಂಚಿನ ಮನೆಯವರು ಸೂರಿನ ಸಾಲು, ಎರಡೂ ಬದಿಯ ಸಾಲು, ನೆತ್ತಿಯ ಪಕ್ಕದ ಸಾಲಿನ ಹೆಂಚುಗಳನ್ನು ರೀಪಿಗೆ ತಂತಿಯಲ್ಲಿ ಕಟ್ಟಿಸಿ. ಹಲವು ಹೆಂಚುಗಳ ತಳದಲ್ಲಿ ಅದಕ್ಕೆಂದೇ ತೂತಿನ ಸಣ್ಣ ಮೂಗು ಇರುತ್ತೆ. ನೆತ್ತಿಯ ಹೆಂಚುಗಳ ಗಾರೆ ಬಿಟ್ಟಿದ್ದರೆ ಹೊಸದಾಗಿ ಹಾಕಿಸಿ.

ಶೀಟು ಹಾರದ ಮನೆಯವರಿಗೂ ಒಂದು ಕೆಲಸ ಇದೆ. ಮುಂದಿನ ಗಾಳಿಗೆ ಮುಂಚೆ ಒಂದು ಬೆಳಗ್ಗೆ ಮನೆಯೊಳಗೆ ನಿಂತು ಮೇಲೆ ನೋಡಿ. ಎಲ್ಲಿ ಸ್ಕ್ರೂ ಇಲ್ಲದೆ ಬೆಳಕು ಕಾಣುತ್ತೆ, ಎಲ್ಲಿ ಬೋಲ್ಟು ತುಕ್ಕು ಹಿಡಿದಿದೆ, ಯಾವ ಮೂಲೆಯ ಶೀಟು ಗಾಳಿಗೆ ಪಟಪಟ ಅನ್ನುತ್ತೆ ಅಂತ ಬರೆದುಕೊಳ್ಳಿ. ಪಟಪಟ ಅನ್ನುವ ಶೀಟೇ ಮೊದಲು ಹೋಗೋದು. ಮಾಡಿನ ಮೇಲೆ ಕಲ್ಲು, ಟೈರು, ಹಳೇ ಪೈಪು ಇದ್ದರೆ ಇಳಿಸಿ. ದಾಮಿನಿ, ಮೇಘದೂತ್ ಆ್ಯಪ್‌ಗಳು ಫೋನಿನಲ್ಲಿರಲಿ. ಈ ಕೆಲಸಕ್ಕೆ ಒಂದು ಡಬ್ಬಿ ಸ್ಕ್ರೂ, ಒಂದು ದಿನದ ಕೂಲಿ ಸಾಕು, ಇಡೀ ಮಾಡು ಹೊಸದಾಗಿ ಹಾಕಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.