ಹಳ್ಳಿಯಿಂದ ಹೋದ ಟಿಪ್ಪಣಿ, ಹಾಡಿಗೆ ಬಂದ ವರದಿ

1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ಬಿಡಾರ ಹೂಡಿ ಒಕ್ಕಲುತನ, ಜಾತಿ, ಜಗಳ, ನ್ಯಾಯಗಳನ್ನೆಲ್ಲ ಬರೆದುಕೊಂಡರು. ಆ ಟಿಪ್ಪಣಿಗಳನ್ನು ಒಪ್ಪಮಾಡಿದ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಸಮಾಜಶಾಸ್ತ್ರದವರು ಇಂದಿಗೂ ಬೆರಗಿನಿಂದ ಹೇಳುವ ಕಥೆಯಿದು. ಆದರೆ ಆ ಮೂರು ಪ್ರತಿಗಳಲ್ಲಿ ಒಂದೂ ಊರಿನಲ್ಲಿರಲಿಲ್ಲ ಎಂಬುದನ್ನು ಯಾರೂ ಎತ್ತಿ ಆಡುವುದಿಲ್ಲ. ಪುಸ್ತಕದಲ್ಲಿ ಊರಿನ ಹೆಸರೂ ‘ರಾಂಪುರ’ವಾಗಿತ್ತು. ಜನರ ಗುಟ್ಟು ಕಾಯಲು ಅದು ಬೇಕಿತ್ತು, ನಿಜ. ಊರಿನವರ ಕೈಗೆ ಬರಹ ಸಿಗದಿರಲು ಅದು ಕಾರಣವಾಗಬೇಕಿರಲಿಲ್ಲ.

1950ರ ದಶಕದಲ್ಲಿ ಮಂಡ್ಯದ ಎರಡು ಹಳ್ಳಿಗಳಲ್ಲಿ ನೀರಾವರಿ ತಂದ ಬದಲಾವಣೆಯನ್ನು ಅಳೆದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್ಸ್ಟೀನ್ ಒಂದು ಹೆಜ್ಜೆ ಮುಂದೆ ಹೋದರು. ಮತ್ತೆ ಮತ್ತೆ ಅಲ್ಲಿಗೆ ಬಂದರು. ಕೊನೆಗೆ 1998ರ ‘ವಿಲೇಜ್ ವಾಯ್ಸಸ್’ ಕೃತಿಗೆ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಸಹಲೇಖಕರಾದರು. ಸೂರ್ಯನಾರಾಯಣ ಮೊದಲು ಅವರ ಸಂಶೋಧನಾ ಸಹಾಯಕರಾಗಿದ್ದವರು. ಸಹಾಯಕ ಸಹಲೇಖಕನಾಗಲು ನಾಲ್ಕು ದಶಕ!

ನಿಜವಾದ ತಿರುವು ಬಂದದ್ದು ನಾಗರಹೊಳೆಯ ಅಂಚಿನಲ್ಲಿ. ಕಾಡಿನಿಂದ ಎತ್ತಂಗಡಿಯಾದ ಜೇನುಕುರುಬರು ಮತ್ತಿತರ ಆದಿವಾಸಿಗಳ ಪರವಾಗಿ ಬುಡಕಟ್ಟು ಕೃಷಿಕರ ಸಂಘ ಹೈಕೋರ್ಟ್ ಮೆಟ್ಟಿಲೇರಿತು. ಕೋರ್ಟ್ ನೇಮಿಸಿದ ಸಮಿತಿಗೆ ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿ ಅಧ್ಯಕ್ಷರಾದರು. 2014ರಲ್ಲಿ ಸಲ್ಲಿಕೆಯಾದ ವರದಿ 3,418 ಕುಟುಂಬಗಳಿಗೆ ಪುನರ್ವಸತಿಯಾಗಬೇಕೆಂದಿತು. ಇಲ್ಲಿ ಪ್ರಶ್ನೆ ಹುಟ್ಟಿದ್ದು ಆದಿವಾಸಿಗಳ ಹಾಡಿಯಲ್ಲಿ, ವಿಭಾಗದ ಕೋಣೆಯಲ್ಲಲ್ಲ. ಸಂಶೋಧನೆಯನ್ನು ಹಂಚಿಕೊಳ್ಳುವುದೆಂದರೆ ಕೆಲಸ ಮುಗಿದ ಮೇಲೆ ಒಂದು ಪ್ರತಿ ಕೊಟ್ಟು ಕೈತೊಳೆದುಕೊಳ್ಳುವುದಲ್ಲ. ಏನನ್ನು ಹುಡುಕಬೇಕು ಎನ್ನುವಲ್ಲಿಯೇ ಜನರಿಗೆ ಪಾಲಿರಬೇಕು.

ಸಂಘಟನೆಗಳ ಜೊತೆ ಬೆರೆತರೆ ವಿದ್ವಾಂಸನ ತಕ್ಕಡಿ ವಾಲುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಪ್ರಶ್ನೆ ಯಾರದಾದರೂ ಎಣಿಕೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕೋರ್ಟಿನ ಮುಂದಿಟ್ಟ ಅಂಕಿಗೆ ಆ ಪರೀಕ್ಷೆ ತಪ್ಪಿದ್ದಲ್ಲ. ವರದಿ ಪೂರ್ತಿ ಜಾರಿಯಾಗದಿದ್ದ ಮೇಲೆ ಫಲವೇನು ಎಂಬ ಮಾತೂ ಇದೆ. ಆದರೆ ಹುಣಸೂರು, ಎಚ್.ಡಿ. ಕೋಟೆಗಳ ಆದಿವಾಸಿಗಳು ಧರಣಿ ಕೂತಾಗ ಹೆಸರು ಹಿಡಿದು ಕೇಳುವುದು ಅಸ್ಸಾದಿ ವರದಿಯ ಜಾರಿಯನ್ನೇ. ಬರಿಯ ಮನವಿಗೆ ಕಚೇರಿಗಳು ಹಿಂಬರಹ ಕೊಟ್ಟು ಕಳಿಸಬಹುದು, ಸರ್ಕಾರದ ಕಡತದಲ್ಲೇ ಇರುವ ಅಂಕಿಯನ್ನು ಹಾಗೆ ಕಳಿಸುವುದು ಕಷ್ಟ.

ಮೊದಲ ಹೆಜ್ಜೆಯಾಗಿ, ಹೊಗೆಸೊಪ್ಪು, ಕೂಲಿ, ವಲಸೆ ಎಂದು ಈ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಮಾಡಿ ಪದವಿ ಪಡೆದವರ ಪ್ರಬಂಧಗಳ ಕನ್ನಡ ಸಾರಾಂಶವಾದರೂ ಇಲ್ಲಿನ ಹೋಬಳಿಗಳ ಗ್ರಂಥಾಲಯಗಳಿಗೆ ಬರಲಿ. ಅದಿಲ್ಲದೆ ಪದವಿ ಕೊಡಬಾರದೆಂದು ವಿಶ್ವವಿದ್ಯಾನಿಲಯಗಳು ನಿಯಮ ಮಾಡಲಿ.