ಹೊಟ್ಟೆಹುಳಕ್ಕೂ ಹಲ್ಲಿನ ಕಲೆಗೂ ಮಿಠಾಯಿ ಕಾರಣವಾ? ಪೋಷಕರು, ಅಂಗಡಿಯವರು ತಿಳಿಯಬೇಕಾದ್ದು

ಮಧುಗಿರಿ: ಸ್ಕೂಲ್ ಬಿಟ್ಟ ತಕ್ಷಣ ಮಕ್ಕಳು ಓಡೋದು ಚಿಲ್ಲರೆ ಅಂಗಡಿಗೆ. ಹಿಂದೆ ಬರೋ ಅಪ್ಪ-ಅಮ್ಮಂದಿರಲ್ಲಿ ಎರಡು ತರ. ಕೆಲವರು ‘ಅಳಬೇಡ, ತಗೋ’ ಅಂತ ಐದು ರೂಪಾಯಿ ಕೈಗಿಡ್ತಾರೆ. ಇನ್ನು ಕೆಲವರು ‘ಮಿಠಾಯಿ ತಿಂದ್ರೆ ಹೊಟ್ಟೇಲಿ ಹುಳ ಆಗ್ತವೆ’ ಅಂತ ಗದರಿಸಿ ಎಳ್ಕೊಂಡು ಹೋಗ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಲ್ಲಿ ಇದೇ ಕತೆ. ಆದರೆ ಸಿಹಿ ಮಾಡದ ತಪ್ಪಿಗೆ ಬೈಸಿಕೊಳ್ಳುತ್ತೆ, ನಿಜವಾಗಿ ಮಾಡೋ ತಪ್ಪು ಯಾರ ಕಣ್ಣಿಗೂ ಬೀಳಲ್ಲ.

ಹುಳ ಬರೋದು ಮಣ್ಣಿಂದ

ಸಿಹಿಯಿಂದ ಜಂತುಹುಳ ಹುಟ್ಟಲ್ಲ. ಹುಳದ ಮೊಟ್ಟೆಗಳು ಮಣ್ಣಲ್ಲಿರುತ್ತವೆ. ತೊಳೆಯದ ಕೈ, ಕೊಳೆ ತುಂಬಿದ ಉಗುರು, ತೊಳೆಯದ ತರಕಾರಿ ಮೂಲಕ ಹೊಟ್ಟೆ ಸೇರುತ್ತವೆ. ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳ ಪಾದದ ಚರ್ಮದಿಂದಲೇ ಒಳಗೆ ಹೋಗುತ್ತೆ. ಹಾಗಾಗಿ ಮಿಠಾಯಿ ಬಿಡಿಸಿದರೆ ಸಾಲದು. ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಉಚಿತವಾಗಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸಬಾರದು.

ಕಲೆ ಬರೋದು ನೀರಿಂದ

ಮಕ್ಕಳ ಹಲ್ಲಲ್ಲಿ ಹಳದಿ, ಕಂದು ಗೆರೆ ಕಂಡರೆ ದೂರು ಚಾಕ್ಲೇಟ್ ಮೇಲೆ. ಪಾವಗಡ ಭಾಗದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ದವಡೆಯೊಳಗೆ ಬೆಳೆಯುವ ವಯಸ್ಸಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇಂಥ ನೀರು ಕುಡಿದರೆ ಈ ಕಲೆ ಬರುತ್ತೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯಲು ಯೋಗ್ಯವಲ್ಲ. ಚಾಕ್ಲೇಟ್ ನಿಲ್ಲಿಸಿದರೂ, ಗಸಗಸ ಉಜ್ಜಿದರೂ ಕಲೆ ಹೋಗಲ್ಲ. ನೀರು ಕುದಿಸಿದರೆ ಫ್ಲೋರೈಡ್ ಕೂಡ ಹೋಗಲ್ಲ. ಚಿಕ್ಕ ಮಕ್ಕಳಿಗೆ ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರೇ ಬಳಸಬೇಕು.

ಹಾಗಾದ್ರೆ ಸಿಹಿಯ ತಪ್ಪೇನು?

ಹುಳುಕು ಹಲ್ಲು. ಹೆಸರಲ್ಲಿ ಹುಳ ಇದ್ದರೂ ಹಲ್ಲೊಳಗೆ ಯಾವ ಹುಳವೂ ಇರಲ್ಲ. ಬಾಯಲ್ಲಿರೋ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತೆ. ಪ್ರತಿ ಸಲ ಸಿಹಿ ತಿಂದಾಗಲೂ ಬಾಯಿ ಮೊದಲಿನಂತಾಗೋಕೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹಬ್ಬದ ದಿನ ಊಟದ ಜೊತೆ ತಿಂದ ಹೋಳಿಗೆಗಿಂತ, ದಿನಾ ಸಂಜೆಯೆಲ್ಲ ಚೀಪೋ ಲಾಲಿಪಾಪ್, ಹಲ್ಲಿಗೆ ಅಂಟೋ ಕ್ರೀಮ್ ಬಿಸ್ಕತ್ತು ಹೆಚ್ಚು ಹಾಳು. ಬೆಲ್ಲಕ್ಕೂ ಇದರಲ್ಲಿ ವಿನಾಯಿತಿ ಇಲ್ಲ. ‘ಹಾಲುಹಲ್ಲು ತಾನೆ, ಬಿದ್ದೋಗುತ್ತೆ’ ಅನ್ನೋದೂ ತಪ್ಪು. ಅದು ಹುಳುಕಾದರೆ ನೋವು, ಕೀವು ಆಗಿ ಮಗು ಊಟ ಬಿಡುತ್ತೆ.

ಬಂದ್ ಮಾಡಿದ್ರೆ ಸರಿಹೋಗುತ್ತಾ?

1999ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳ ಕಣ್ಣೆದುರೇ ತಿಂಡಿ ಇಟ್ಟು, ಮುಟ್ಟದಂತೆ ತಡೆದು ನೋಡಿದರು. ಮಕ್ಕಳ ಆಸೆ ಅದೇ ತಿಂಡಿ ಮೇಲೆ ಹೆಚ್ಚಾಯ್ತು. ‘ಅನ್ನ ತಿಂದ್ರೆ ಚಾಕ್ಲೇಟ್ ಕೊಡ್ತೀನಿ’ ಅನ್ನೋ ಲಂಚವೂ ಅಷ್ಟೇ. ಮಗುವಿನ ಲೆಕ್ಕದಲ್ಲಿ ಅನ್ನ ಶಿಕ್ಷೆ, ಚಾಕ್ಲೇಟ್ ಬಹುಮಾನ ಆಗಿಬಿಡುತ್ತೆ. ಮೊದಲೇ ಹೇಳಿ, ದಿನ ನಿಗದಿ ಮಾಡಿ, ಊಟದ ಜೊತೆ ಒಂದೇ ಸಲ ಕೊಟ್ಟು, ಬಾಯಿ ಮುಕ್ಕಳಿಸೋದು ಕಲಿಸೋದೇ ಲೇಸು. ರಾತ್ರಿ ಹಲ್ಲುಜ್ಜಿದ ಮೇಲೆ ನೀರು ಮಾತ್ರ.

ಅಂಗಡಿಯವರಿಗೆ

ಬಣ್ಣದ ಬಾಂಬೆ ಮಿಠಾಯಿಯನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಆಗ ಪರೀಕ್ಷಿಸಿದ 25 ಮಾದರಿಗಳಲ್ಲಿ 15ರಲ್ಲಿ ಅಪಾಯಕಾರಿ ಬಣ್ಣ ಇತ್ತು. ಬಟ್ಟೆಗೆ ಹಾಕೋ ರೋಡಮೈನ್-ಬಿ ಕೂಡ ಬಳಸುತ್ತಿದ್ದರು. ಬಣ್ಣ ಹಾಕದ ಬಿಳಿ ಮಿಠಾಯಿಗೆ ತಡೆ ಇಲ್ಲ. ದಂಡಿನ ಮಾರಮ್ಮನ ಜಾತ್ರೆಯಲ್ಲಿ ಗುಲಾಬಿ ಬಣ್ಣದ್ದು ಕಂಡರೆ ಪೋಷಕರು ಕೊಡಿಸಬಾರದು. ಇನ್ನು 2020ರ ಕೇಂದ್ರ ನಿಯಮದಂತೆ ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರೋ ತಿಂಡಿ ಮಕ್ಕಳಿಗೆ ಮಾರುವಂತಿಲ್ಲ. ಕಡ್ಲೆಕಾಯಿ ಬೆಳೆಯೋ ಸೀಮೆ ಇದು. ಹುರಿದ ಕಡ್ಲೆಕಾಯಿ, ಬಾಳೆಹಣ್ಣನ್ನು ಮಗುವಿನ ಕಣ್ಣಿಗೆ ಬೀಳೋ ಹಾಗೆ ಮುಂದಿಟ್ಟರೆ ವ್ಯಾಪಾರವೂ ನಿಲ್ಲಲ್ಲ.

ಹಲ್ಲಲ್ಲಿ ತೂತು ಕಂಡರೆ, ಮಗು ಒಂದೇ ಕಡೆ ಅಗಿಯುತ್ತಿದ್ದರೆ ಮಿಠಾಯಿಗೆ ಬೈದು ಕೂರಬೇಡಿ. ನೋವು ಶುರುವಾಗೋ ಮೊದಲೇ ದಂತ ವೈದ್ಯರಿಗೆ ತೋರಿಸಿ.